ಗಡಿನಾಡಿನ ಗಗನಶಿಲ್ಪಿ

ಬೆಳಗಾವಿಯ ಸದಾಶಿವನಗರದಲ್ಲಿ ಆಟವಾಡುವ ಹುಡುಗರು, ಸಾಂಬ್ರಾ ಕಡೆಯ ವಿಮಾನದ ಸದ್ದು ಕಿವಿಗೆ ಬಿದ್ದರೆ ಇಂದಿಗೂ ತಲೆಯೆತ್ತಿ ನಿಲ್ಲುತ್ತಾರೆ. ಹಾರಿಸುವವನು ಯಾರು, ಹೊರಟದ್ದು ಎಲ್ಲಿಗೆ ಎಂದು ಕೇಳುವವರುಂಟು. ಅದನ್ನು ಕಟ್ಟಿದವರು ಯಾರೆಂದು ಕೇಳುವವರು ವಿರಳ. ಸ್ವತಂತ್ರ ಭಾರತಕ್ಕೆ ತನ್ನದೆಂದು ಹೇಳಿಕೊಳ್ಳುವ ವಿಮಾನವನ್ನು ಕಟ್ಟಿಕೊಟ್ಟ ಡಾ. ವಿಷ್ಣು ಮಾಧವ ಘಾಟಗೆಯವರು ಈ ಊರಿಗೆ ದೂರದವರಲ್ಲ. ಸಂಕೇಶ್ವರದಾಚೆಯ ಗಡಹಿಂಗ್ಲಜ ತಾಲೂಕಿನ ಹಸೂರಚಂಪು ಎಂಬ ಹಳ್ಳಿಯಲ್ಲಿ ಅವರು ೧೯೦೮ರ ಅಕ್ಟೋಬರ್ ೨೪ರಂದು ಜನಿಸಿದರು.

ರೈಟ್ ಸಹೋದರರ ಯಂತ್ರ ನೆಲ ಬಿಟ್ಟು ಎದ್ದು ಆಗಿನ್ನೂ ಐದು ವರ್ಷ ಸಂದಿರಲಿಲ್ಲ. ಹಾರಾಟವು ಸಾಹಸವೆಂಬ ಹೆಸರನ್ನು ಕಳೆದುಕೊಂಡು ಶಾಸ್ತ್ರವೆಂಬ ಹೆಸರನ್ನು ಪಡೆಯುತ್ತಿದ್ದ ಕಾಲವದು. ಆ ಶಾಸ್ತ್ರದ ತವರು ಜರ್ಮನಿಯ ಗಟಿಂಗೆನ್. ಅದರ ಕುಲಗುರು ಲುಡ್ವಿಗ್ ಪ್ರಾಂಟ್ಲ್. ರೆಕ್ಕೆಯ ಮೈಗೆ ಅಂಟಿಕೊಂಡು ಸಾಗುವ ಗಾಳಿಯ ತೆಳುಪದರವೊಂದಿದೆ. ವಿಮಾನದ ಏಳುಬೀಳುಗಳಲ್ಲಿ ಅದರ ಪಾತ್ರ ಬಹು ದೊಡ್ಡದು ಎಂಬುದನ್ನು ೧೯೦೪ರಲ್ಲಿ ಲೋಕಕ್ಕೆ ತಿಳಿಸಿಕೊಟ್ಟವರು ಅವರು. ಘಾಟಗೆಯವರು ಅವರ ಶಿಷ್ಯರಾಗಿ ೧೯೩೬ರಲ್ಲಿ ಡಾಕ್ಟರೇಟ್ ಪದವಿ ಪಡೆದು ತಾಯ್ನಾಡಿಗೆ ಮರಳಿದರು.

ಮರಳಿ ಬಂದ ವಿದ್ವಾಂಸನಿಗೆ ವಿದ್ಯೆಯಿತ್ತು. ವಿಮಾನ ಕಟ್ಟುವ ಕಾರ್ಖಾನೆ ದೇಶದಲ್ಲಿರಲಿಲ್ಲ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ ಆ ಕೊರತೆ ನೀಗಿತು. ಘಾಟಗೆಯವರು ಅಲ್ಲಿ ಹತ್ತು ಜನ ಕೂಡಬಲ್ಲ ಗ್ಲೈಡರೊಂದನ್ನು ರೂಪಿಸಿದರು. ತಯಾರಾದದ್ದು ಒಂದೇ. ಯುದ್ಧಕಾಲದ ಕಾರ್ಖಾನೆಗೆ ಪರರ ವಿಮಾನಗಳ ದುರಸ್ತಿಯೇ ಮುಖ್ಯ ಕೆಲಸವಾಯಿತು. ೧೯೪೨ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಶಾಸ್ತ್ರದ ವಿಭಾಗವು ಆರಂಭವಾದಾಗ ಅದರ ಮೊದಲ ಬೋಧಕರಲ್ಲಿ ಅವರೂ ಒಬ್ಬರಾಗಿದ್ದರು.

ದಶಕವೊಂದು ಕಾಯಬೇಕಾಯಿತು. ೧೯೫೧ರ ಆಗಸ್ಟಿನಲ್ಲಿ ಜಮಶೇದ್ ಮುನ್ಶಿಯವರು ಬೆಂಗಳೂರಿನ ಆಕಾಶಕ್ಕೆ ಏರಿಸಿದ ಎಚ್.ಟಿ.-೨, ಭಾರತದಲ್ಲಿಯೇ ರೂಪು ತಳೆದು ಭಾರತದಲ್ಲಿಯೇ ಸಾಲುಸಾಲಾಗಿ ತಯಾರಾದ ಮೊದಲ ವಿಮಾನ. ಲೋಹದ ಮೈ, ತಗ್ಗಿನ ರೆಕ್ಕೆ, ಒಂದರ ಹಿಂದೊಂದು ಎರಡು ಆಸನ. ಅದು ಯುದ್ಧ ವಿಮಾನವಲ್ಲ. ಹಾರಲು ಕಲಿಸುವ ವಿಮಾನ. ನೂರೆಪ್ಪತ್ತರಷ್ಟು ತಯಾರಾದವು, ಘಾನಾ ದೇಶವೂ ತನ್ನ ವಾಯುಪಡೆಗಾಗಿ ಕೆಲವನ್ನು ಕೊಂಡುಕೊಂಡಿತು.

ಇಲ್ಲಿ ಉಪಾಧ್ಯಾಯ ಬಂಧುಗಳು ಒಂದು ಗಳಿಗೆ ನಿಲ್ಲಬೇಕು. ಮೂತಿ ಅತಿಯಾಗಿ ಮೇಲೆದ್ದು ವೇಗ ತಗ್ಗಿದರೆ, ಪ್ರಾಂಟ್ಲ್ ತೋರಿಸಿದ ಆ ತೆಳುಪದರ ರೆಕ್ಕೆಯಿಂದ ಕಳಚಿಕೊಳ್ಳುತ್ತದೆ. ಗಾಳಿಯ ಆಸರೆ ತಪ್ಪಿ ವಿಮಾನ ಕುಸಿಯುತ್ತದೆ. ನುರಿತ ಚಾಲಕ ಈ ತಪ್ಪನ್ನು ಮಾಡುವುದು ಅಪರೂಪ. ಹೊಸಬ ಮಾಡಿಯೇ ತೀರುವನು. ಆದುದರಿಂದ ಕಲಿಸುವ ವಿಮಾನವು ಕುಸಿಯುವ ಮುನ್ನ ಎಚ್ಚರಿಸಬೇಕು, ಕುಸಿದಾಗ ಚೇತರಿಸಿಕೊಳ್ಳಲು ಅವಕಾಶವೀಯಬೇಕು; ಆದರೆ ತಪ್ಪು ತಪ್ಪೇ ಅಲ್ಲವೆಂಬ ಭ್ರಮೆಯನ್ನೂ ಹುಟ್ಟಿಸಬಾರದು. ಒಳ್ಳೆಯ ಗುರುವಿನಿಂದ ನಾವು ಬಯಸುವುದೂ ಇದನ್ನೇ ಅಲ್ಲವೆ?

ಘಾಟಗೆಯವರ ಕಾಲದಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ೧೯೫೮ರಲ್ಲಿ ‘ಪುಷ್ಪಕ’ ಬಂದಿತು. ಸೈನ್ಯದ ವೀಕ್ಷಣೆಗಾಗಿ ‘ಕೃಷಕ’ ಬಂದಿತು. ೧೯೬೧ರಲ್ಲಿ, ಜರ್ಮನಿಯ ಕುರ್ಟ್ ಟಾಂಕ್ ಅವರ ಮುಂದಾಳುತನದಲ್ಲಿ ರೂಪುಗೊಂಡ ಯುದ್ಧ ವಿಮಾನ ‘ಮಾರುತ’ ಹಾರಿದಾಗ ದೇಶವೆಲ್ಲ ಅದರತ್ತ ನೋಡಿತು. ಘಾಟಗೆಯವರ ತಂಡ ಮತ್ತೆ ಕಲಿಸುವ ವಿಮಾನವನ್ನೇ ಕಟ್ಟಿತು. ೧೯೬೪ರ ಸೆಪ್ಟೆಂಬರಿನಲ್ಲಿ ಹಾರಿದ ಜೆಟ್ ವಿಮಾನ ‘ಕಿರಣ’ ಮಾರುತಕ್ಕಿಂತ ದೀರ್ಘಾಯುವಾಯಿತು. ೧೯೯೬ರಲ್ಲಿ ಹುಟ್ಟಿದ ‘ಸೂರ್ಯಕಿರಣ’ ತಂಡ ೨೦೧೧ರವರೆಗೆ ಬಾನಿನಲ್ಲಿ ಚಿತ್ತಾರ ಬರೆದದ್ದು ಇದೇ ವಿಮಾನದಿಂದ.

೧೯೬೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. ೧೯೯೧ರ ಡಿಸೆಂಬರ್ ೬ರಂದು ಅವರು ಕಾಲವಶರಾದರು. ಬೆಂಗಳೂರಿನ ಸಭಾಭವನವೊಂದು ಅವರ ಹೆಸರನ್ನು ಹೊತ್ತಿದೆ. ಅವರು ಹುಟ್ಟಿದ ಸೀಮೆಯ ಶಾಲೆಗಳಲ್ಲಿ ಆ ಹೆಸರು ಕೇಳಿಬರುವುದು ಅಪರೂಪ. ನಮ್ಮ ಚಾಲಕರ ತಲೆಮಾರುಗಳು ಮೊದಲ ಬಾರಿಗೆ ಒಂಟಿಯಾಗಿ ಮುಗಿಲಿಗೇರಿದ್ದು ಅವರು ಕಟ್ಟಿದ ರೆಕ್ಕೆಗಳ ಮೇಲೆ. ಸಾಂಬ್ರಾ ಕಡೆಗೆ ತಲೆಯೆತ್ತಿ ನಿಂತ ಹುಡುಗನಿಗೆ ಹಸೂರಚಂಪುವಿನ ಕಥೆಯನ್ನು ಹೇಳುವ ಭಾರ ಇನ್ನು ನಮ್ಮದು.