ಸೊನ್ನೆ ಬೇರೆ, ಇಲ್ಲದ್ದು ಬೇರೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಳೆಯ ಸರಾಸರಿ ತೆಗೆಯುವ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಇಂಡಿಯಿಂದ 12 ಮಿ.ಮೀ., ಸಿಂದಗಿಯಿಂದ 0, ಬಾಗೇವಾಡಿಯಿಂದ 6 ಬಂತು. ಮುದ್ದೇಬಿಹಾಳದ ಮಳೆಮಾಪಕದಿಂದ ಏನೂ ಬರಲಿಲ್ಲ. ಸಿಂದಗಿಯಲ್ಲಿ ಮಳೆಯಾಗಿಲ್ಲ, ಮುದ್ದೇಬಿಹಾಳದಲ್ಲಿ ಆಯಿತೋ ಇಲ್ಲವೋ ಗೊತ್ತೇ ಇಲ್ಲ. ಬಾರದ ಅಂಕಿಯನ್ನು ಸೊನ್ನೆ ಎಂದು ಹಿಡಿದರೆ ಸರಾಸರಿ 4.5, ಬಿಟ್ಟು ಲೆಕ್ಕ ಹಾಕಿದರೆ 6.

ಹಳೆಯ ಭಾಷೆಗಳಲ್ಲಿ ಬಾರದ ಅಂಕಿಯ ಜಾಗದಲ್ಲಿ 'ನಲ್' ಕೂರುತ್ತಿತ್ತು. ಅದನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಟೋನಿ ಹೋರ್, 2009ರಲ್ಲಿ ಅದು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದರು. ನಿಜವಾದ ಬೆಲೆಯ ವೇಷದಲ್ಲೇ ನಲ್ ಓಡಾಡುತ್ತದೆ. ಪ್ರೋಗ್ರಾಂ ಓಡುವಾಗಲಷ್ಟೇ ಗುಟ್ಟು ರಟ್ಟಾಗುತ್ತದೆ. ಹ್ಯಾಸ್ಕೆಲ್‌ನ 'ಮೇಬಿ', ರಸ್ಟ್‌ನ 'ಆಪ್ಷನ್' ಇದಕ್ಕೆ ಮದ್ದು. ಅಂಕಿ ಒಂದು ಲಕೋಟೆಯೊಳಗೆ ಬರುತ್ತದೆ: ರಸ್ಟ್‌ನಲ್ಲಿ, ಇದ್ದರೆ 'ಸಮ್', ಇಲ್ಲದಿದ್ದರೆ 'ನನ್'. ಲಕೋಟೆಯನ್ನೇ ಕೂಡಿಸಲು ಹೋದರೆ ಕಂಪೈಲರ್ ಒಪ್ಪುವುದಿಲ್ಲ.

ತೆರೆಯುವ ದಾರಿಗಳು ಹಲವು. 'ಮ್ಯಾಚ್' ಬಳಸಿದರೆ ಎರಡೂ ಸಂದರ್ಭಕ್ಕೆ ಉತ್ತರ ಬರೆಯಲೇಬೇಕು. ಕಲಿಯುವವರು ಇಲ್ಲಿಂದಲೇ ಶುರುಮಾಡಲಿ. 'ಅನ್‌ರ‍್ಯಾಪ್' ಬಲವಂತದ ದಾರಿ: ಒಳಗೆ ಅಂಕಿ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಸೇವಾ ಕಂಪನಿಯ ಜಾಲ ಕುಸಿದಾಗ, ಮಿತಿ ಮೀರಿ ಬೆಳೆದ ಒಂದು ಫೈಲಿನಿಂದ ದೋಷ ಹುಟ್ಟಿತ್ತು. 'ರಿಸಲ್ಟ್' ಎಂಬ ಇಂಥದೇ ಲಕೋಟೆಯ ಮೇಲೆ ಕರೆದ ಅನ್‌ರ‍್ಯಾಪ್ ಆ ಕೋಡನ್ನು ನಿಲ್ಲಿಸಿಬಿಟ್ಟಿತು.

ಆದರೂ ನನಗೆ ಹೆಚ್ಚು ಭಯ, ಅಂಕಿ ಇಲ್ಲದಿದ್ದಾಗ ನಾವು ಕೊಟ್ಟ ಬೆಲೆಯನ್ನೇ ಹಿಡಿಯುವ 'ಅನ್‌ರ‍್ಯಾಪ್ ಆರ್' ಜೊತೆ ಸೊನ್ನೆ ಕೊಡುವುದರ ಬಗ್ಗೆ. ನಿಂತ ಪ್ರೋಗ್ರಾಂ ಕಣ್ಣಿಗೆ ಬೀಳುತ್ತದೆ, ಸುಳ್ಳು ಸೊನ್ನೆ ಬೀಳುವುದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದೇ ಇಂಥ ಅಂಕಿಗಳ ಮೇಲೆ. ವಿಜಯಪುರದಂಥ ಬರದ ಜಿಲ್ಲೆಯಲ್ಲಿ ಒಂದು ಸುಳ್ಳು ಸೊನ್ನೆ ಯಾರದೋ ಹೊಲದ ಲೆಕ್ಕವನ್ನೇ ತಿರುಗಿಸಬಲ್ಲದು.

ಎಷ್ಟೋ ಸಲ ತೆರೆಯುವ ಅಗತ್ಯವೇ ಇರುವುದಿಲ್ಲ. ಮಿಲಿಮೀಟರನ್ನು ಇಂಚಿಗೆ ಬದಲಿಸಲು 'ಮ್ಯಾಪ್' ಸಾಕು. ಅಂಕಿ ಇದ್ದರೆ ಬದಲಾಗುತ್ತದೆ, ಇಲ್ಲದಿದ್ದರೆ 'ನನ್' ಹಾಗೇ ಉಳಿಯುತ್ತದೆ. ತಾಲ್ಲೂಕಿನಿಂದ ಮಳೆಮಾಪಕ, ಮಾಪಕದಿಂದ ಇಂದಿನ ಅಂಕಿ ಎಂದು ಹುಡುಕುವಾಗ ಎರಡೂ ಹಂತ ತಪ್ಪಬಹುದು. ಬರೀ ಮ್ಯಾಪ್ ಹಾಕಿದರೆ ಲಕೋಟೆಯೊಳಗೆ ಲಕೋಟೆ ಸಿಗುತ್ತದೆ. ಅಲ್ಲಿ 'ಆ್ಯಂಡ್ ದೆನ್' ಬಳಸಿದರೆ ಒಂದೇ ಉಳಿಯುತ್ತದೆ. ಸರಾಸರಿಗೆ 'ಫ್ಲಾಟನ್' ಮಾಡಿ, ಬಂದ ಅಂಕಿಗಳನ್ನಷ್ಟೇ ಎಣಿಸಿ, ಪಕ್ಕದಲ್ಲಿ "4ರಲ್ಲಿ 3 ತಾಲ್ಲೂಕು" ಎಂದು ಬರೆಯಿರಿ.

ನಿಮ್ಮ ಕೋಡಿನಲ್ಲಿ 'ಅನ್‌ರ‍್ಯಾಪ್ ಆರ್' ಇರುವ ಸಾಲುಗಳನ್ನು ಇಂದೇ ಹುಡುಕಿ, ಅಲ್ಲಿಟ್ಟ ಸೊನ್ನೆ ನಿಜವೇ ಎಂದು ಒಂದೊಂದನ್ನೂ ಪರೀಕ್ಷಿಸಿ.