ಮೈನಸ್ 30ರಲ್ಲಿ ಕಾರಿನ ಸ್ಪೀಕರ್

ಪ್ರಶ್ನೆ: ಮಗ ಕೆನಡಾದ ವಿನಿಪೆಗ್‌ನಲ್ಲಿದ್ದಾನೆ. ಚಳಿಗಾಲದ ಬೆಳಿಗ್ಗೆ ಕಾರಿನಲ್ಲಿ ಹಾಡು ಹಾಕಿದರೆ ಸದ್ದು ಬಿಗಿಹಿಡಿದಂತೆ ಬರುತ್ತದಂತೆ. ಸ್ಪೀಕರ್ ಚಳಿಗೆ ಕೆಟ್ಟಿತೇ?

ಉತ್ತರ: ಕೆಟ್ಟಿರಲಾರದು, ಸೆಡೆತಿದೆ ಅಷ್ಟೆ. ಸ್ಪೀಕರಿನ ಕೋನ್ ಹಿಂದೆಮುಂದೆ ಅಲುಗಿದರೆ ಸದ್ದು ಹುಟ್ಟುತ್ತದೆ. ಅದನ್ನು ಚೌಕಟ್ಟಿಗೆ ಹಿಡಿದಿರುವ ರಬ್ಬರ್ ಅಂಚು ಮೈನಸ್ 30 ಡಿಗ್ರಿಯಲ್ಲಿ ಗಟ್ಟಿಯಾಗಿ ಬಾಗಲು ಒಲ್ಲೆನ್ನುತ್ತದೆ. ಮೊದಲು ಕುಂದುವುದು ಬೇಸ್. ಅದು ಸಾಲದೆಂದು ವಾಲ್ಯೂಮ್ ಏರಿಸಿದರೆ ಅಂಚು ಬಿರುಕು ಬಿಡಬಹುದು. ಹಾಗಾಗಿ ಹೀಟರ್ ಹಾಕಿ, ಒಳಗೆ ಬೆಚ್ಚಗಾಗುವವರೆಗೆ ಮೆಲ್ಲಗೆ ಕೇಳಲಿ. ಡಿಕ್ಕಿಯಲ್ಲಿ ಸಬ್‌ವೂಫರ್ ಇದ್ದರೆ ಇನ್ನೂ ಹೊತ್ತು ಬೇಕು, ಬಿಸಿಗಾಳಿ ಅಲ್ಲಿಗೆ ತಲುಪುವುದು ಕಡೆಗೆ.

ಕಾರಿನ ಸ್ಟೀರಿಯೋ ಪರದೆಯ ಮೇಲೆ ಚಿತ್ರ ನಿಧಾನವಾಗಿ ಬದಲಾದರೂ ಗಾಬರಿ ಬೇಡ. ಅದರೊಳಗಿನ ದ್ರವಸ್ಫಟಿಕ ಚಳಿಗೆ ಮಂದವಾಗುತ್ತದೆ, ಬಿಸಿಯಾದರೆ ಸರಿಹೋಗುತ್ತದೆ. ಆಂಪ್ಲಿಫೈಯರ್ ಅನ್ನು ಮಾತ್ರ ರಾತ್ರಿ ಬಿಚ್ಚಿ ಮನೆಯೊಳಗೆ ತರುವ ಜಾಣತನ ಬೇಡ. ಕೊರೆಯುವ ಲೋಹಕ್ಕೆ ಮನೆಯ ಬೆಚ್ಚನೆ ಗಾಳಿ ತಾಗಿದರೆ ನೀರು ಹನಿಗಟ್ಟುತ್ತದೆ, ಸರ್ಕ್ಯೂಟಿಗೆ ಚಳಿಗಿಂತ ಅದೇ ಅಪಾಯ. ಬೇರೆ ಕಾರಣಕ್ಕೆ ತರಲೇಬೇಕಾದರೆ ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಒಳಗೆ ತಂದು ಬೆಚ್ಚಗಾದ ಮೇಲೆ ಬಿಚ್ಚಲಿ.

ನಿಜವಾಗಿ ಚಿಂತಿಸಬೇಕಾದದ್ದು ಬ್ಯಾಟರಿಯ ಬಗ್ಗೆ. ಎಂಜಿನ್ ನಿಲ್ಲಿಸಿ ಹಾಡು ಕೇಳುತ್ತ ಕೂತರೆ ಚಾರ್ಜ್ ಇಳಿಯುತ್ತದೆ. ಪೂರ್ತಿ ಬರಿದಾದ ಲೆಡ್-ಆಸಿಡ್ ಬ್ಯಾಟರಿ ಮೈನಸ್ 10 ಡಿಗ್ರಿಯೊಳಗೇ ಹೆಪ್ಪುಗಟ್ಟಬಲ್ಲದು.