ರಾತ್ರಿ ಕಾಡಿಗೆ ಹೋಗುವ ಸಾಕಾನೆಗಳು

ಬೆಂಗಳೂರಿನ ಕೆಂಗೇರಿಯಲ್ಲಿ ನೈಸ್ ರಸ್ತೆ ಹಿಡಿದರೆ ಬನ್ನೇರುಘಟ್ಟ ದೂರವೇನಲ್ಲ. ವಿಜಯನಗರ, ರಾಜಾಜಿನಗರದಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರು ಹುಲಿ, ಸಿಂಹದ ಸಫಾರಿ ಮುಗಿಸಿ ಹೊರಟುಬಿಡುತ್ತಾರೆ. ಅಲ್ಲಿನ ಜೈವಿಕ ಉದ್ಯಾನದ ಆನೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಹಗಲು ಮಾವುತರು, ಕಾವಾಡಿಗಳು ನೋಡಿಕೊಳ್ಳುವ ಈ ಆನೆಗಳನ್ನು ರಾತ್ರಿ ಉದ್ದನೆಯ ಸರಪಳಿಯೊಂದಿಗೆ ಪಕ್ಕದ ಕಾಡಿಗೆ ಮೇಯಲು ಬಿಡುತ್ತಾರೆ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಅದನ್ನು ಕಟ್ಟಿದ ಜಾಗಕ್ಕೇ ತಂದು ಸುರಿಯಬಹುದು. ಆದರೆ ಬಿದಿರು ಮುರಿಯುತ್ತ, ತೊಗಟೆ ಸುಲಿಯುತ್ತ, ನಡೆಯುತ್ತ ತಿನ್ನುವುದೇ ಆನೆಯ ಬದುಕು. ಆ ಕತ್ತಲಲ್ಲಿ ರಾಷ್ಟ್ರೀಯ ಉದ್ಯಾನದ ಸಲಗಗಳೂ ಬಂದು ಸೇರುತ್ತವೆ. ಇಲ್ಲಿ ಹುಟ್ಟಿದ ಎಷ್ಟೋ ಮರಿಗಳಿಗೆ ಕಾಡಾನೆಯೇ ಅಪ್ಪ.

ಈ ಏರ್ಪಾಡಿನ ಬೆಲೆ ಸುಂದರನಿಂದ ತಿಳಿಯುತ್ತದೆ. ಕೊಲ್ಹಾಪುರದ ಜ್ಯೋತಿಬಾ ದೇವಸ್ಥಾನಕ್ಕೆ 2007ರಲ್ಲಿ ಕಾಣಿಕೆಯಾಗಿ ಬಂದ ಗಂಡಾನೆ ಅದು. ಶೆಡ್ಡಿನಲ್ಲಿ ಸರಪಳಿ ಬಿಗಿದು, ಹೊಡೆಯುತ್ತಿದ್ದ ದೃಶ್ಯ ಹೊರಬಂತು. ಅವನನ್ನು ಅಲ್ಲಿಂದ ಬಿಡಿಸಬೇಕೆಂಬ ಬಾಂಬೆ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, 2014ರ ಜೂನ್‌ನಲ್ಲಿ ಸುಂದರ ಬನ್ನೇರುಘಟ್ಟಕ್ಕೆ ಬಂದ. ಒಂಟಿಯಾಗಿ ನಿಂತಿದ್ದವನಿಗೆ ತನ್ನ ಜಾತಿಯ ಜೊತೆ ಸಿಕ್ಕಿತು.

ಆನೆಯ ಸ್ಥಿತಿ ತಿಳಿಯಬೇಕಾದರೆ ಅದರ ಪಾದ ನೋಡಿ. ಸಿಮೆಂಟು ನೆಲದ ಮೇಲೆ, ತನ್ನದೇ ಗಂಜಲದಲ್ಲಿ ವರ್ಷಗಟ್ಟಲೆ ನಿಂತರೆ ಉಗುರು ಸೀಳುತ್ತದೆ, ಅಂಗಾಲು ಸವೆದು ಕೀವಾಗುತ್ತದೆ. ಸರಪಳಿ ಉಜ್ಜುವ ಜಾಗದಲ್ಲಿ ಚರ್ಮ ಗಟ್ಟಿಕಟ್ಟಿ ಬಣ್ಣಗೆಡುತ್ತದೆ. ದೇವಸ್ಥಾನದ ಆನೆ ನಿಂತಲ್ಲೇ ತಲೆ ತೂಗುತ್ತಿದ್ದರೆ ಅದು ಭಜನೆಗೆ ತಾಳ ಹಾಕುತ್ತಿದೆ ಎಂದು ಭಕ್ತರು ಕೈಮುಗಿಯುತ್ತಾರೆ. ಕಟ್ಟಿಹಾಕಿದ ಜೀವದ ಸಂಕಟ ಅದು.

ಬನ್ನೇರುಘಟ್ಟದಲ್ಲೂ ಎಲ್ಲವೂ ಸರಿಯಿದೆ ಎನ್ನಲಾರೆ. 2025ರ ಜುಲೈನಲ್ಲಿ ಪ್ರಾಣಿ ವಿನಿಮಯದಡಿ ಸುರೇಶ್, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಆನೆಗಳನ್ನು ವಿಮಾನದಲ್ಲಿ ಜಪಾನಿನ ಹಿಮೇಜಿಗೆ ಕಳಿಸಲಾಯಿತು. ಪೆಟ್ಟಿಗೆಯೊಳಗೆ ನಿಲ್ಲಲು ತಿಂಗಳುಗಟ್ಟಲೆ ಪಳಗಿಸಿ, ಜಾಗ್ರತೆಯಿಂದಲೇ ಸಾಗಿಸಿದರು, ನಿಜ. ಆದರೆ ಹೆಣ್ಣಾನೆ ಜೀವಮಾನವಿಡೀ ತಾಯಿಯ ಹಿಂಡಿನಲ್ಲೇ ಉಳಿಯುವ ಪ್ರಾಣಿ. ಚೀತಾ, ಜಾಗ್ವಾರ್‌ಗಳಿಗೆ ಬದಲಾಗಿ ಐದು ವರ್ಷದ ತುಳಸಿಯನ್ನು ಕೊಟ್ಟದ್ದನ್ನು ನಾನು ಒಪ್ಪಲಾರೆ. ರಾತ್ರಿ ಕಾಡು ಸುತ್ತಿ ಬೆಳೆದ ಆ ನಾಲ್ಕಕ್ಕೆ ಹಿಮೇಜಿಯಲ್ಲಿ ಅಂಥ ಕಾಡನ್ನು ಯಾರು ಕೊಡುತ್ತಾರೆ?

ಉದ್ಯಾನಕ್ಕೆ ಮಂಗಳವಾರ ರಜೆ. ಉಳಿದ ದಿನ ಹೋದಾಗ, ಮಕ್ಕಳಿಗೆ ಸೊಂಡಿಲಿನ ಜೊತೆಗೆ ಆ ಪಾದಗಳನ್ನೂ ತೋರಿಸಿ.